ಹಾಸನ, ಚಿಕ್ಕಮಗಳೂರು ಕಡೆ ಫುಡ್ ಫ್ಯಾಕ್ಟರಿ ಕಟ್ಟುವವರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಆಹಾರ ಸಂಸ್ಕರಣಾ ಘಟಕ ಹಾಕಬೇಕು ಎಂದು ಮಾತಾಡಲು ಬರುವವರ ಕೈಯಲ್ಲಿ ಬಹಳ ಸಲ ಆಗಲೇ ಯಂತ್ರದ ಕೊಟೇಶನ್ ಇರುತ್ತದೆ. ರಾಜ್‌ಕೋಟ್‌ನದೋ, ಕೊಯಮತ್ತೂರಿನದೋ. ವಿಡಿಯೋ ನೋಡಿ ಮೆಚ್ಚಿಕೊಂಡಿರುತ್ತಾರೆ, ಕೆಲವರು ಮುಂಗಡವನ್ನೂ ಕಳಿಸಿರುತ್ತಾರೆ. ಜಾಗದಲ್ಲಿ ನೀರೆಷ್ಟಿದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದರೆ ‘ಅದೆಲ್ಲ ಆಮೇಲೆ ನೋಡೋಣ’ ಎನ್ನುತ್ತಾರೆ. ಆದರೆ ಈ ಕೆಲಸದಲ್ಲಿ ದುಡ್ಡು, ಸಮಯ ಎರಡೂ ಸೋರುವುದು ಅಲ್ಲೇ. ಯಂತ್ರ ಬಂದು ಪ್ಲಾಸ್ಟಿಕ್ ಹೊದ್ದು ನಿಂತಿರುತ್ತದೆ, ನೆಲ ಆಗಿರುವುದಿಲ್ಲ. ನೆಲ ಆಗಿರುತ್ತದೆ, ಕರೆಂಟು ಬಂದಿರುವುದಿಲ್ಲ. ಎಲ್ಲ ಆಗುವ ಹೊತ್ತಿಗೆ ಆ ವರ್ಷದ ಬೆಳೆ ಮುಗಿದಿರುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಕೆಲಸಗಳ ಸರದಿಯ ಬಗ್ಗೆ. ಹಾಸನದ ಆಲೂಗಡ್ಡೆ, ಅರಸೀಕೆರೆಯ ತೆಂಗು, ಆಲೂರು ಬೇಲೂರಿನ ಶುಂಠಿ, ಸಕಲೇಶಪುರ ಮೂಡಿಗೆರೆಯ ಕಾಫಿ, ಮೆಣಸು, ಏಲಕ್ಕಿ, ಎಲ್ಲ ಕಡೆ ಸಿಗುವ ಹಲಸು, ಯಾವುದನ್ನು ಹಿಡಿದರೂ ದಾರಿ ಹೆಚ್ಚು ಕಡಿಮೆ ಇದೇ. ಉದಾಹರಣೆಗೆ ಜಾಸ್ತಿ ಕಡೆ ಚಿಪ್ಸ್ ಘಟಕವನ್ನೇ ತೆಗೆದುಕೊಂಡಿದ್ದೇನೆ. ನೀರು, ಬಿಸಿ, ಎಣ್ಣೆ, ಕಸ, ಪ್ಯಾಕಿಂಗ್ ಎಲ್ಲವೂ ಅದರಲ್ಲಿ ಬರುತ್ತದೆ.

ಮೊದಲು ಒಂದು ಹಾಳೆಯ ಲೆಕ್ಕ

ಕಟ್ಟಡದ ಪ್ಲಾನಿಗೂ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ. ಏನು ಮಾಡುತ್ತೀರಿ, ಗಂಟೆಗೆ ಎಷ್ಟು, ಯಾರು ಕೊಳ್ಳುತ್ತಾರೆ, ವರ್ಷದಲ್ಲಿ ಎಷ್ಟು ತಿಂಗಳು ಮಾಲು ಸಿಗುತ್ತದೆ.

ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಕರಿಯುವಾಗ ನೀರು ಹೋಗುತ್ತದೆ, ಒಂದಿಷ್ಟು ಎಣ್ಣೆ ಸೇರುತ್ತದೆ. 4 ಕೆ.ಜಿ. ಆಲೂಗಡ್ಡೆಗೆ 1 ಕೆ.ಜಿ. ಚಿಪ್ಸ್ ಎಂದು ಹಿಡಿದುಕೊಳ್ಳಿ. ಗಂಟೆಗೆ 100 ಕೆ.ಜಿ. ಚಿಪ್ಸ್ ಬೇಕಿದ್ದರೆ ಗಂಟೆಗೆ 400 ಕೆ.ಜಿ. ಆಲೂಗಡ್ಡೆ, 8 ಗಂಟೆಯ ಪಾಳಿಗೆ 3.2 ಟನ್. ಅಂದರೆ ದಿನಾ ಒಂದು ಸಣ್ಣ ಲಾರಿ ಗೇಟಿನೊಳಗೆ ಬರಬೇಕು, ತಿರುಗಬೇಕು, ತೂಕ ಆಗಬೇಕು, ಇಳಿಸಿದ್ದನ್ನು ಗಾಳಿ ಆಡುವ, ಬಿಸಿಲು ಬೀಳದ ಜಾಗದಲ್ಲಿ ಇಡಬೇಕು. ಈ ಒಂದು ಲೆಕ್ಕದಿಂದಲೇ ಗೋದಾಮು ಎಷ್ಟು ದೊಡ್ಡದು, ಅಂಗಳ ಎಷ್ಟು ಬೇಕು, ಸಿಪ್ಪೆ ಎಷ್ಟು ಬೀಳುತ್ತದೆ ಎಂಬುದೆಲ್ಲ ಹೊರಡುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಮುಂಗಾರು ಆಲೂಗಡ್ಡೆ ಮೇ, ಜೂನ್‌ನಲ್ಲಿ ಬಿತ್ತನೆ, ಆಗಸ್ಟ್ ಕೊನೆಯಿಂದ ಕೀಳುವುದು. ಉಳಿದ ತಿಂಗಳು ಏನು ಮಾಡುತ್ತೀರಿ? ಕೋಲ್ಡ್ ಸ್ಟೋರೇಜಿನಿಂದ ತರುತ್ತೇನೆ ಎಂದರೆ, ಅಡುಗೆಗೆಂದು 2ರಿಂದ 4 ಡಿಗ್ರಿಯಲ್ಲಿ ಇಟ್ಟ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಕರಿದರೆ ಚಿಪ್ಸ್ ಕಂದಾಗುತ್ತದೆ, ಕಹಿ ಬರುತ್ತದೆ. ಚಿಪ್ಸ್‌ಗೆ ಬೇಕಾದ ಗೆಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ ಇಡಬೇಕು. ತಳಿಯೂ ಅಷ್ಟೇ ಮುಖ್ಯ. ಹಾಸನದಲ್ಲಿ ಬಹಳ ವರ್ಷದಿಂದ ಬೆಳೆಯುವ ಕುಫ್ರಿ ಜ್ಯೋತಿ ಸಾರಿಗೆ, ಪಲ್ಯಕ್ಕೆ ಚೆನ್ನ. ಚಿಪ್ಸ್‌ಗೆಂದೇ ಬಂದ ತಳಿ ಕುಫ್ರಿ ಚಿಪ್ಸೋನಾ. ರೈತರ ಜೊತೆ ಬಿತ್ತನೆಗೂ ಮೊದಲೇ ಮಾತಾಡಿಕೊಳ್ಳದಿದ್ದರೆ ನಿಮ್ಮ ಯಂತ್ರಕ್ಕೆ ಹೊಂದುವ ಗೆಡ್ಡೆ ಮಾರುಕಟ್ಟೆಗೆ ತಾನಾಗಿ ಬರುವುದಿಲ್ಲ. ಬೆಳೆಯ ವಿಷಯಕ್ಕೆ ಕಾರೆಕೆರೆಯ ಕೃಷಿ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇವೆ. ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ತೋಟಗಾರಿಕೆ ಕಾಲೇಜು ಇದೆ. ಸಂಸ್ಕರಣೆಯ ವಿಷಯಕ್ಕೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ.

ಸ್ಯಾಂಪಲ್ ಮಾಡಿ ಇಡುವ ಕೆಲಸವನ್ನೂ ಈಗಲೇ ಶುರು ಮಾಡಿ. ಪ್ಯಾಕೆಟ್ ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂದು ತಿಳಿಯಲು ತಿಂಗಳುಗಳೇ ಬೇಕು. ಕಟ್ಟಡ ಮೇಲೇಳುವಾಗ ಆ ಪರೀಕ್ಷೆ ಪಕ್ಕದಲ್ಲಿ ತನ್ನಷ್ಟಕ್ಕೆ ನಡೆಯುತ್ತಿರಲಿ.

ಕ್ಯಾಲೆಂಡರನ್ನು ಹಿಂದಿನಿಂದ ಬರೆಯಿರಿ

ಬೇರೆ ಊರಿನ ಕನ್ಸಲ್ಟೆಂಟ್ ಮಾಡಿಕೊಟ್ಟ ಟೈಮ್‌ಟೇಬಲ್‌ನಲ್ಲಿ ಎಲ್ಲ ತಿಂಗಳೂ ಒಂದೇ ಥರ ಇರುತ್ತವೆ. ಮಲೆನಾಡಿನಲ್ಲಿ ಹಾಗಿಲ್ಲವಲ್ಲ. ಆರಿದ್ರಾ ಮಳೆ ಹಿಡಿದುಕೊಂಡಿತು ಎಂದರೆ ಸಕಲೇಶಪುರ, ಮೂಡಿಗೆರೆ ಕಡೆ ಗುಂಡಿ ತೋಡುವುದೂ ಕಷ್ಟ, ತೋಡಿದ್ದು ನಿಲ್ಲುವುದೂ ಕಷ್ಟ. ಅರಸೀಕೆರೆ ಬಯಲಿನಲ್ಲಿ ಅದೇ ತಿಂಗಳು ಆರಾಮಾಗಿ ಗೋಡೆ ಎಬ್ಬಿಸಬಹುದು. ಸಕಲೇಶಪುರ, ಅರಸೀಕೆರೆ ಎರಡೂ ಒಂದೇ ಜಿಲ್ಲೆ, ಆದರೆ ಟೈಮ್‌ಟೇಬಲ್ ಬೇರೆ ಬೇರೆ.

ಬೆಳೆ ಬರುವ ದಿನವನ್ನು ಮೊದಲು ಬರೆದು ಅಲ್ಲಿಂದ ಹಿಂದಕ್ಕೆ ಎಣಿಸಿ. ಚಿಪ್ಸ್ ಘಟಕಕ್ಕೆ ಆಗಸ್ಟ್ ಕೊನೆಗೆ ಹೊಸ ಗೆಡ್ಡೆ. ಜುಲೈಯಲ್ಲಿ ಹೊರಗಿನಿಂದ ತಂದ ಗೆಡ್ಡೆ ಹಾಕಿ ಪ್ರಾಯೋಗಿಕವಾಗಿ ಓಡಿಸಬೇಕು. ಜೂನ್‌ನಲ್ಲಿ ಬರೀ ನೀರು, ಬರೀ ಕರೆಂಟು ಹಾಕಿ ನೋಡಬೇಕು. ಹಾಗಾದರೆ ಮೇ ತಿಂಗಳಲ್ಲಿ ಯಂತ್ರ ಒಳಗೆ ಕೂತಿರಬೇಕು. ಏಪ್ರಿಲ್ ಒಳಗೆ ಚಾವಣಿ, ನೆಲ ಮುಗಿದಿರಬೇಕು. ಅಡಿಪಾಯ ನವೆಂಬರ್‌ನಲ್ಲೇ ಶುರುವಾಗಬೇಕು. ಅದಕ್ಕೂ ಹಿಂದಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲವನ್ನು ಪೂರ್ತಿ ಕಾಗದಪತ್ರಕ್ಕೆ, ಡ್ರಾಯಿಂಗಿಗೆ, ಲೋನಿಗೆ, ಲೈಸೆನ್ಸಿಗೆ ಕೊಡಿ. ಹೊರಗೆ ಮಳೆ ಸುರಿಯುವಾಗ ಒಳಗೆ ಕೂತು ಮಾಡುವ ಕೆಲಸ ಇದು. ಇದನ್ನು ಬಿಸಿಲುಗಾಲಕ್ಕೆ ಉಳಿಸಿಕೊಂಡವರು ಫೆಬ್ರವರಿಯಲ್ಲಿ ಕಚೇರಿಯಿಂದ ಕಚೇರಿಗೆ ಓಡಾಡುತ್ತಿರುತ್ತಾರೆ, ಜಾಗ ಖಾಲಿ ಬಿದ್ದಿರುತ್ತದೆ.

ಇನ್ನೂ ಒಂದು ತೊಡಕಿದೆ, ಹೊರಗಿನವರಿಗೆ ಇದು ಹೊಳೆಯುವುದೇ ಇಲ್ಲ. ಕಟ್ಟಡಕ್ಕೆ ಒಳ್ಳೆಯ ತಿಂಗಳು ಯಾವುವೋ ಅವೇ ಕಾಫಿ ಕೊಯ್ಲಿನ ತಿಂಗಳು. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಮಾರ್ಚ್ ತನಕ, ಅದರ ಹಿಂದೆಯೇ ಮೆಣಸು. ಕೂಲಿಯವರೆಲ್ಲ ತೋಟದಲ್ಲಿರುತ್ತಾರೆ, ಅಲ್ಲಿ ಕೂಲಿಯೂ ಆಗ ಜಾಸ್ತಿ. ಹಾಗಾಗಿ ಮೇಸ್ತ್ರಿಯ ಹತ್ತಿರ ಮಾತಾಡುವಾಗ ‘ಜನ ಎಲ್ಲಿಂದ ಕರೆಸುತ್ತೀರಿ, ಎಲ್ಲಿ ಉಳಿಸುತ್ತೀರಿ’ ಎಂದು ಬಿಡಿಸಿ ಕೇಳಿ. ಹೊರಗಿನಿಂದ ಬಂದವರಿಗೆ ಇರಲು ಶೆಡ್ಡು, ಶೌಚಾಲಯ, ಕುಡಿಯುವ ನೀರು ನಿಮ್ಮ ಬಜೆಟ್ಟಿನಲ್ಲೇ ಇರಬೇಕು. ಹಬ್ಬಕ್ಕೆ ಊರಿಗೆ ಹೋಗುವ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.

ಮಂಗಳೂರು ಬಂದರಿನಿಂದ ಯಂತ್ರ ಬರುವುದಿದ್ದರೆ ಶಿರಾಡಿ ಘಾಟಿಯನ್ನು ಮರೆಯಬೇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಭಾರಿ ವಾಹನಗಳನ್ನು ನಿಲ್ಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಚಾರ್ಮಾಡಿ ಅದಕ್ಕಿಂತ ಕಿರಿದು. ದೊಡ್ಡ ಟ್ರೇಲರ್ ಮೇ ಒಳಗೆ ಘಾಟಿ ಹತ್ತಿರಬೇಕು.

ಜಾಗ, ನೀರು, ಕೊಳೆ ನೀರು, ಕರೆಂಟು

ಜಾಗ ಕೊಳ್ಳುವ ಮೊದಲು ಬೋರ್‌ವೆಲ್ ಇಳುವರಿಯನ್ನು ಏಪ್ರಿಲ್‌ನಲ್ಲಿ ನೋಡಿ. ಅಕ್ಟೋಬರ್‌ನಲ್ಲಿ ಎಲ್ಲ ಬೋರೂ ಚೆನ್ನಾಗಿಯೇ ಇರುತ್ತದೆ. ನೀರನ್ನು ಲ್ಯಾಬಿಗೆ ಕಳಿಸಿ, ಕುಡಿಯುವ ನೀರಿನ ಮಾನದಂಡ ಐಎಸ್ 10500ಕ್ಕೆ ಹೋಲಿಸಿದ ವರದಿ ತೆಗೆದುಕೊಳ್ಳಿ. ಗಡಸು ಜಾಸ್ತಿ ಇದ್ದರೆ ಬಾಯ್ಲರಿನೊಳಗೆ ಪದರ ಕಟ್ಟುತ್ತದೆ, ಸೌದೆ ಅಥವಾ ಡೀಸೆಲ್ ಖರ್ಚು ಏರುತ್ತದೆ, ಗಡಸು ತೆಗೆಯುವ ಸಾಫ್ಟನರ್ ಬೇಕಾಗುತ್ತದೆ. ಆರ್‌ಓ ಹಾಕಿದರೆ ಒಂದು ಭಾಗ ನೀರು ಹೊರಗೆ ಹೋಗುತ್ತದೆ, ಅದನ್ನೂ ಲೆಕ್ಕದಲ್ಲಿ ಇಡಿ.

ಕೊಳೆ ನೀರಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆಲೂಗಡ್ಡೆ ತೊಳೆದ ನೀರಲ್ಲಿ ಮಣ್ಣು, ಪಿಷ್ಟ ಇರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ಇನ್ನೂ ಕಟು. ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಮೀನು ಸಾಯುತ್ತವೆ, ಕೆಳಗಿನ ಊರಿನವರ ಗದ್ದೆಗೆ, ದನಗಳಿಗೆ ಅದೇ ನೀರು ಹೋಗುತ್ತದೆ. ಹೇಮಾವತಿ, ಯಗಚಿ, ಭದ್ರಾ ಎಲ್ಲ ಇಲ್ಲಿಂದಲೇ ಹರಿಯುವುದು. ನೀರು ಶುದ್ಧೀಕರಣ ಘಟಕವನ್ನು ‘ದುಡ್ಡು ಉಳಿದರೆ ಕೊನೆಗೆ’ ಎಂದು ಇಡಬೇಡಿ. ಅಡಿಪಾಯದ ದಿನವೇ ಅದರ ಗುಂಡಿಯೂ ಬೀಳಲಿ. ಚಿಪ್ಸ್ ಘಟಕದಲ್ಲಿ ಮೊದಲು ಜರಡಿ, ಆಮೇಲೆ ಪಿಷ್ಟ ತಳಕ್ಕೆ ಕೂರುವ ತೊಟ್ಟಿ, ಆಮೇಲೆ ಉಳಿದ ಶುದ್ಧೀಕರಣ. ತೊಟ್ಟಿಯಲ್ಲಿ ಕೂತ ಪಿಷ್ಟವನ್ನು ತೆಗೆದು ಒಣಗಿಸಿ ಮಾರುವವರೂ ಇದ್ದಾರೆ.

ಆಲೂರು, ಬೇಲೂರು, ಸಕಲೇಶಪುರದ ಕಡೆ ಇದ್ದರೆ ಆನೆಯ ವಿಷಯವೂ ಪ್ರಾಜೆಕ್ಟಿನ ಭಾಗ. ಹಲಸಿನ ಸಿಪ್ಪೆ, ರಚ್ಚೆಯನ್ನು ಹಿತ್ತಲಲ್ಲಿ ರಾಶಿ ಹಾಕಿದರೆ ವಾಸನೆಗೆ ಬರುತ್ತವೆ. ಕಸವನ್ನು ಅದೇ ದಿನ ಸಾಗಿಸುವ ವ್ಯವಸ್ಥೆ, ಸಂಜೆ ಬೇಗ ಮುಗಿಯುವ ಪಾಳಿ, ಜನರನ್ನು ಮನೆಗೆ ಬಿಡುವ ಗಾಡಿ, ಇವನ್ನು ಶುರುವಿನಲ್ಲೇ ಯೋಚಿಸಿ.

ಕರೆಂಟಿಗೆ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಎಲ್ಲ ಮೋಟಾರಿನ ಪಟ್ಟಿ ಮಾಡಿ, ಒಟ್ಟಿಗೆ ಎಷ್ಟು ಓಡುತ್ತವೆ ಎಂದು ಲೆಕ್ಕ ಹಾಕಿ, ಅರ್ಜಿಯನ್ನು ಬೇಗ ಕೊಡಿ. ಟ್ರಾನ್ಸ್‌ಫಾರ್ಮರ್, ಕಂಬ, ಲೈನು ಎಳೆಯುವುದು ತಡವಾಗುವ ಕೆಲಸ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲಿ, ಹಾಗಾಗಿ ಜನರೇಟರ್ ಬೇಕೇ ಬೇಕು. ಕರಿಯುವ ಮಧ್ಯೆ ಕರೆಂಟು ಹೋದರೆ ಎಣ್ಣೆಯ ಪಂಪು, ಹೊಗೆ ಎಳೆಯುವ ಫ್ಯಾನು ಕೂಡಲೇ ಓಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಅರ್ಥಿಂಗ್ ಗಟ್ಟಿ ಇರಲಿ, ಇಲ್ಲದಿದ್ದರೆ ಪ್ಯಾಕಿಂಗ್ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟು ಹೋಗುತ್ತದೆ.

ಕಾಗದಪತ್ರ

ಕೃಷಿ ಜಮೀನಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಪರಿವರ್ತನೆ ಆಗಬೇಕು. ಚಿಕ್ಕಮಗಳೂರಿನ ಅಂಬಳೆ, ಹಾಸನದ ಕೈಗಾರಿಕಾ ಪ್ರದೇಶಗಳಂಥ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಾಗ ಸಿಕ್ಕರೆ ಈ ತಲೆನೋವು ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಸಮ್ಮತಿ ಬೇಕು. ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ಬಹಳ ಜನ ಮೊದಲನೆಯದನ್ನು ಬಿಟ್ಟು ಕಟ್ಟಿಬಿಡುತ್ತಾರೆ, ಎರಡನೆಯದಕ್ಕೆ ಹೋದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಇದರ ಜೊತೆಗೆ ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಅನುಮತಿ, ಅಗ್ನಿಶಾಮಕದವರದು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಎಫ್‌ಎಸ್‌ಎಸ್‌ಎಐ ಅರ್ಜಿಯನ್ನು ಅವರದೇ ಫೋಸ್ಕೋಸ್ ಪೋರ್ಟಲ್‌ನಲ್ಲಿ ಹಾಕಬೇಕು. ಬಂಡವಾಳ 15 ಕೋಟಿ ರೂಪಾಯಿವರೆಗೆ ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯ ಮುಂದೆ ಹೋಗಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಇವನ್ನು ಒಂದಾದ ಮೇಲೆ ಒಂದು ಎಂದು ಮಾಡಲು ಹೋದರೆ ವರ್ಷ ಕಳೆಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಅರ್ಜಿ ಹಾಕಿದ ದಿನ, ಅರ್ಜಿ ಸಂಖ್ಯೆ, ಯಾರ ಟೇಬಲ್ ಮೇಲಿದೆ, ಮುಂದೆ ಏನು ಕೊಡಬೇಕು ಎಂದು ಬರೆದು ಎಲ್ಲವನ್ನೂ ಒಟ್ಟಿಗೆ ಓಡಿಸಿ. ಎಲ್ಲ ಇಲಾಖೆಗೂ ಒಂದೇ ಡ್ರಾಯಿಂಗ್ ಹೋಗಬೇಕು. ಒಬ್ಬರಿಗೆ ಕೊಟ್ಟ ಪ್ಲಾನಿನಲ್ಲಿ ಶೌಚಾಲಯ ಪೂರ್ವಕ್ಕೆ, ಇನ್ನೊಬ್ಬರಿಗೆ ಕೊಟ್ಟದ್ದರಲ್ಲಿ ಪಶ್ಚಿಮಕ್ಕೆ ಇದ್ದರೆ ತಪಾಸಣೆಗೆ ಬಂದವರು ಅದನ್ನೇ ಮೊದಲು ಹಿಡಿಯುತ್ತಾರೆ.

ಇಲ್ಲೇ ಒಂದು ಎಚ್ಚರಿಕೆ. ಲೈಸೆನ್ಸ್ ಸಂಖ್ಯೆ ಕೈಗೆ ಬರದೆ ಪ್ಯಾಕೆಟ್ ಫಿಲ್ಮ್ ಪ್ರಿಂಟ್ ಮಾಡಿಸಬೇಡಿ. ಫಿಲ್ಮ್ ಪ್ರಿಂಟಿಂಗಿಗೆ ಸಿಲಿಂಡರ್ ಮಾಡಬೇಕು, ಒಂದು ಅಳತೆಗಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಸಂಖ್ಯೆಯೋ ವಿಳಾಸವೋ ತಪ್ಪಿದರೆ ಇಡೀ ಉರುಳೆ ಗುಜರಿಗೆ.

ದುಡ್ಡಿನ ಲೆಕ್ಕ

ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಶುರುವಾಯಿತು. ಸಣ್ಣ ಘಟಕಗಳಿಗೆ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ, ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ ಶೇ. 15 ಸೇರಿಸಿತು. ಇದರಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಸಬ್ಸಿಡಿ ಹಣ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಕೂರುತ್ತದೆ, ಮೂರು ವರ್ಷ ಘಟಕ ನಡೆದು ಸಾಲದ ಖಾತೆ ಸರಿಯಾಗಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ ದುಡ್ಡಿನಲ್ಲಿ ಶೀಟು ಹಾಕಿಸುತ್ತೇನೆ, ಜನರೇಟರ್ ತರುತ್ತೇನೆ ಎಂದು ಲೆಕ್ಕ ಹಾಕಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ವಿಂಗಡಣೆ, ಒಣಗಿಸುವುದು, ಗೋದಾಮು, ಇಂಥ ಕೊಯ್ಲಿನ ನಂತರದ ಕೆಲಸಕ್ಕೆ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಇದೆ. ಯಾವುದಕ್ಕೆ ಹೋದರೂ ಬ್ಯಾಂಕಿನವರು ಮಂಜೂರು ಮಾಡುವ ಮೊದಲು ಆ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿಕೊಳ್ಳಿ.

ಜಿಎಸ್‌ಟಿ ವಿಷಯದಲ್ಲಿ ಕಟ್ಟಡ ಬೇರೆ, ಯಂತ್ರ ಬೇರೆ. ನಿಮ್ಮದೇ ಕಟ್ಟಡಕ್ಕೆ ಕೊಟ್ಟ ತೆರಿಗೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಯಂತ್ರಕ್ಕೆ, ಯಂತ್ರ ಕೂರುವ ಅಡಿಪಾಯಕ್ಕೆ, ಅದನ್ನು ಹೊತ್ತ ಕಬ್ಬಿಣದ ಸ್ಟ್ರಕ್ಚರಿಗೆ ಸಿಗುತ್ತದೆ. ಆದ್ದರಿಂದ ಬಿಲ್ಲುಗಳು ಬೇರೆ ಬೇರೆ ಇರಲಿ. ಎಲ್ಲ ಸೇರಿಸಿ ‘ಸಿವಿಲ್ ಕೆಲಸ’ ಎಂದು ಒಂದೇ ಬಿಲ್ ಹಾಕಿಸಿಕೊಂಡರೆ ಬರಬೇಕಾದದ್ದೂ ಹೋಗುತ್ತದೆ.

ನೂರಕ್ಕೆ 10ರಿಂದ 15 ಭಾಗವನ್ನು ‘ಗೊತ್ತಿಲ್ಲದ ಖರ್ಚು’ ಎಂದು ಎತ್ತಿಡಿ, ಅದನ್ನು ಟೈಲ್ಸ್ ಚೆಂದ ಮಾಡಲು ಮುಟ್ಟಬೇಡಿ. ಮೊದಲ ಬೆಳೆ ಕೊಳ್ಳಲು ಬೇಕಾದ ದುಡಿಯುವ ಬಂಡವಾಳ ಇದರಿಂದ ಪೂರ್ತಿ ಬೇರೆ. ಫ್ಯಾಕ್ಟರಿ ಮುಗಿಯಿತು, ರೈತರಿಗೆ ಕೊಡಲು ದುಡ್ಡಿಲ್ಲ ಎಂದಾಗಬಾರದು. ಮೊದಲ ವರ್ಷವೇ ರೈತರನ್ನು ಕಾಯಿಸಿದರೆ ಎರಡನೇ ವರ್ಷ ಅವರು ನಿಮ್ಮ ಗೇಟಿಗೆ ಬರುವುದಿಲ್ಲ.

ಕಂಟ್ರಾಕ್ಟರಿಗೆ ದುಡ್ಡನ್ನು ದಿನಾಂಕ ನೋಡಿ ಕೊಡಬೇಡಿ, ಮುಗಿದ ಕೆಲಸ ನೋಡಿ ಕೊಡಿ. ಅಡಿಪಾಯ, ಲಿಂಟಲ್, ಚಾವಣಿ, ನೆಲ, ಹೀಗೆ ಹಂತ ಹಾಕಿ. ಕೊನೆಯ ಶೇ. 5ರಿಂದ 10ನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಒಪ್ಪಂದ ಮಾಡಿಕೊಳ್ಳಿ. ಚಾವಣಿ ಸೋರುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಆಗಲೇ ಅಲ್ವಾ.

ಲೇಔಟನ್ನು ನೆಲದ ಮೇಲೆ ಬರೆದು ನಡೆದು ನೋಡಿ

ಕಂಪ್ಯೂಟರಿನಲ್ಲಿ ಎಲ್ಲ ಲೇಔಟೂ ಚೆನ್ನಾಗಿ ಕಾಣುತ್ತದೆ. ನಾನು ಎಲ್ಲರಿಗೂ ಹೇಳುವುದು, ಕಾಫಿ ಒಣಗಿಸುವ ಕಣ ಅಥವಾ ಶಾಲೆಯ ಮೈದಾನದಂಥ ಜಾಗದಲ್ಲಿ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಗೆ ಬರೆಯಿರಿ. ಗೋಡೆ, ಬಾಗಿಲು, ಪ್ರತಿ ಯಂತ್ರದ ಚೌಕ. ಆಮೇಲೆ ಕೆಲಸ ಮಾಡುವವರನ್ನೇ ಕರೆದು, ಕೈಯಲ್ಲಿ ತುಂಬಿದ ಕ್ರೇಟ್ ಕೊಟ್ಟು ನಡೆಸಿ. ಕರಿಯುವ ಯಂತ್ರದ, ಅಂದರೆ ಫ್ರೈಯರಿನ, ಎಣ್ಣೆ ತೊಟ್ಟಿ ಹೊರಗೆಳೆಯಲು ಜಾಗ ಇದೆಯಾ, ಸಿಪ್ಪೆ ತೆಗೆಯುವ ಪೀಲರಿನ ಕೆಳಗೆ ಕೈ ಹಾಕಿ ತೊಳೆಯಲು ಬರುತ್ತದಾ, ಮೋಟಾರ್ ಬಿಚ್ಚಬೇಕಾದರೆ ಮೆಕ್ಯಾನಿಕ್ ಎಲ್ಲಿ ಕೂರುತ್ತಾನೆ. ಕ್ರೇಟ್ ಹಿಡಿದ ಇಬ್ಬರು ಎದುರುಬದುರಾಗಿ ಡಿಕ್ಕಿಯಾಗುವ ಮೂಲೆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುತ್ತದೆ. ಸುಣ್ಣದ ಗೆರೆ ಅಳಿಸಿ ಬರೆಯಬಹುದು, ಗೋಡೆಯನ್ನು ಹಾಗೆ ಮಾಡಲಾಗುವುದಿಲ್ಲ.

ಆ ಗೆರೆಗಳ ಮೇಲೆ ಒಂದು ನಿಯಮ ಮಾತ್ರ ಬಿಡಬೇಡಿ. ಮಣ್ಣಿನ ಗೆಡ್ಡೆ ಒಂದು ಬಾಗಿಲಲ್ಲಿ ಬಂದು ಪ್ಯಾಕೆಟ್ ಇನ್ನೊಂದು ಬಾಗಿಲಲ್ಲಿ ಹೋಗಬೇಕು, ಮಧ್ಯೆ ಎಲ್ಲೂ ಹಿಂದಕ್ಕೆ ಬರಬಾರದು. ಜನರ ಓಡಾಟಕ್ಕೂ ಇದೇ ನಿಯಮ. ಗೆಡ್ಡೆ ತೊಳೆಯುವವರು ಪ್ಯಾಕಿಂಗ್ ಕೋಣೆ ದಾಟಿ ಶೌಚಾಲಯಕ್ಕೆ ಹೋಗುವಂತಿರಬಾರದು. ಚರಂಡಿ ನೀರು ಪ್ಯಾಕಿಂಗ್ ಕಡೆಯಿಂದ ತೊಳೆಯುವ ಕಡೆಗೆ ಹರಿಯಬೇಕು. ಎಫ್‌ಎಸ್‌ಎಸ್‌ಎಐ ನಿಯಮಗಳ ಶೆಡ್ಯೂಲ್ 4ರಲ್ಲಿ ಶುಚಿತ್ವದ ಬಗ್ಗೆ ಬೇಕಾದ್ದೆಲ್ಲ ಇದೆ, ಲೇಔಟ್ ಮಾಡುವಾಗ ಪಕ್ಕದಲ್ಲಿ ಇಟ್ಟುಕೊಳ್ಳಿ.

ನೆಲದ ಮೇಲೆ ಹೆಚ್ಚು ಹೊತ್ತು ಕಳೆಯಿರಿ, ಆಹಾರ ಘಟಕದಲ್ಲಿ ಮೊದಲು ಕೆಡುವುದು ಅದೇ. ಮೀಟರಿಗೆ 10ರಿಂದ 20 ಮಿ.ಮೀ. ಇಳಿಜಾರು ಬೇಕು. ಕೋಟಿಂಗ್ ಹಾಕುವ ಮೊದಲು ಬಕೆಟ್‌ಗಟ್ಟಲೆ ನೀರು ಸುರಿದು ನೋಡಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಸ್ತ್ರಿ ಇರುವಾಗಲೇ ಸರಿಮಾಡಿಸಿ. ಗೋಡೆ ಮತ್ತು ನೆಲ ಸೇರುವ ಕಡೆ ಮೂಲೆ ಬೇಡ, ಗುಂಡಗೆ ತಿರುಗಿಸಿ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಹಾಕಿದ್ದರೆ ಕನಿಷ್ಠ 10 ದಿನ ನೀರುಣಿಸಬೇಕು, ಪೂರ್ತಿ ಗಟ್ಟಿತನ 28 ದಿನಕ್ಕೆ. ಆಮೇಲೂ ಒಳಗೆ ತೇವ ಉಳಿದಿರುತ್ತದೆ. ಅದನ್ನು ನೋಡಲು ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಡೆಯೂ ಟೇಪ್ ಹಾಕಿ ಕಾಂಕ್ರೀಟಿಗೆ ಅಂಟಿಸಿ. ಸಂಜೆ ಅಂಟಿಸಿ ಮರುದಿನ ಬೆಳಿಗ್ಗೆ 16 ಗಂಟೆ ಕಳೆದ ಮೇಲೆ ತೆಗೆಯಿರಿ. ಹಾಳೆಯ ಒಳಗೆ ಹನಿ ಕೂತಿದ್ದರೆ, ಅಥವಾ ಕೆಳಗಿನ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ, ಕೋಟಿಂಗ್ ಬೇಡ, ಕಾಯಿರಿ. ಜುಲೈಯಲ್ಲಿ ಸಕಲೇಶಪುರದಲ್ಲಿ ಈ ಹಾಳೆ ಒಣಗುವುದೇ ಇಲ್ಲ, ನೆಲದ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ ಎಂದಿದ್ದು ಅದಕ್ಕೇ. ಬಿಸಿ ನೀರು, ಬಿಸಿ ಎಣ್ಣೆ ಬೀಳುವ ಕಡೆ ಎಪಾಕ್ಸಿ ಕೋಟಿಂಗ್ ಮೆತ್ತಗಾಗಿ ಏಳುತ್ತದೆ, ಅಲ್ಲಿ ಪಿಯು (ಪಾಲಿಯುರೆಥೇನ್) ಕಾಂಕ್ರೀಟ್ ಹಾಕಿಸಿ. ದುಬಾರಿ, ಆದರೆ ಫ್ರೈಯರ್ ಸುತ್ತ ಅಷ್ಟು ಜಾಗಕ್ಕೆ ಮಾತ್ರ ಸಾಕು.

ಯಂತ್ರದ ಆರ್ಡರ್

ಈಗ ಕೊಟೇಶನ್ ತೆಗೆಯಿರಿ. ಎಷ್ಟು ಅಶ್ವಶಕ್ತಿ ಎನ್ನುವುದಕ್ಕಿಂತ ಗಂಟೆಗೆ ಎಷ್ಟು, ಯಾವ ಗೆಡ್ಡೆಯಲ್ಲಿ, ಎಷ್ಟು ಎಣ್ಣೆ ಹೀರುತ್ತದೆ ಎಂದು ಬರೆಸಿಕೊಳ್ಳಿ. ಆಹಾರ ತಾಗುವ ಭಾಗ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಉಪ್ಪು ಹುಳಿ ಜಾಸ್ತಿ ಇರುವ ಉಪ್ಪಿನಕಾಯಿಯಂಥದ್ದಕ್ಕೆ 316. ವೆಲ್ಡಿಂಗ್ ಒಳಗಡೆಯೂ ನುಣುಪಾಗಿರಬೇಕು, ಬೆರಳಾಡಿಸಿದರೆ ಗೊತ್ತಾಗುತ್ತದೆ. ಲಾರಿ ಹತ್ತಿಸುವ ಮೊದಲು ಅವರ ಫ್ಯಾಕ್ಟರಿಗೆ ಹೋಗಿ ಓಡಿಸಿ ನೋಡಿ, ಸಾಧ್ಯವಾದರೆ ನಿಮ್ಮದೇ ಎರಡು ಚೀಲ ಗೆಡ್ಡೆ ತೆಗೆದುಕೊಂಡು ಹೋಗಿ. ಕೊನೆಯ ಕಂತು ನಿಮ್ಮ ನೆಲದ ಮೇಲೆ, ಒಪ್ಪಿದ ಪ್ರಮಾಣ ಸತತವಾಗಿ ಓಡಿಸಿ ತೋರಿಸಿದ ಮೇಲೆ. ಇಲ್ಲಿಂದ ಎಷ್ಟು ಗಂಟೆ ದೂರದಲ್ಲಿ ಸರ್ವೀಸ್ ಮಾಡುವವರು ಇದ್ದಾರೆ ಎಂಬುದೂ ಬೆಲೆಯಷ್ಟೇ ಮುಖ್ಯ. ಬ್ಲೇಡು, ಬೆಲ್ಟು, ಸೀಲು, ಸೆನ್ಸರ್‌ಗಳ ಒಂದು ಸೆಟ್ ಯಂತ್ರದ ಜೊತೆಯಲ್ಲೇ ಬರಲಿ.

ವಾರಕ್ಕೊಂದು ಸಭೆ

ಸೋಮವಾರ ಬೆಳಿಗ್ಗೆ ಜಾಗದಲ್ಲೇ ನಿಂತು ಸಭೆ ಮಾಡಿ. ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪೈಪಿನವರು, ನೀವು. ಮೂರು ಪ್ರಶ್ನೆ ಸಾಕು. ಹೋದ ವಾರ ಏನಾಗಬೇಕಿತ್ತು, ಏನಾಯಿತು, ಈ ವಾರ ಯಾರಿಗಾಗಿ ಯಾರು ಕಾಯುತ್ತಿದ್ದಾರೆ. ಯಾವ ಕೆಲಸ ಒಂದು ದಿನ ತಪ್ಪಿದರೆ ಇಡೀ ಪ್ರಾಜೆಕ್ಟ್ ಒಂದು ದಿನ ಹಿಂದೆ ಬೀಳುತ್ತದೋ ಅದರ ಮೇಲೆ ಮಾತ್ರ ಕಣ್ಣಿಡಿ. ಕಾಂಪೌಂಡ್ ಬಣ್ಣ ತಡವಾದರೆ ಏನೂ ಆಗುವುದಿಲ್ಲ, ಟ್ರಾನ್ಸ್‌ಫಾರ್ಮರ್ ತಡವಾದರೆ ಎಲ್ಲ ನಿಲ್ಲುತ್ತದೆ.

ಬದಲಾವಣೆಗೆ ಒಂದು ಪುಸ್ತಕ ಇಡಿ. ‘ಈ ಕಿಟಕಿ ಇಲ್ಲಿಗೆ ಸರಿಸಿ ಸಾರ್’ ಎಂದು ಬಾಯಲ್ಲಿ ಹೇಳಿದ್ದಕ್ಕೆ ಕೊನೆಗೆ ದೊಡ್ಡ ಬಿಲ್ ಬರುತ್ತದೆ. ಏನು ಬದಲಾವಣೆ, ಎಷ್ಟು ಖರ್ಚು, ಎಷ್ಟು ದಿನ ಜಾಸ್ತಿ, ಇಬ್ಬರ ಸಹಿ. ಸಹಿ ಇಲ್ಲದ ಬದಲಾವಣೆಗೆ ದುಡ್ಡಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಮನೆಯವರಿಗೂ ಇದು ಅನ್ವಯ, ಅಣ್ಣ ಒಂದು ಹೇಳಿ ತಮ್ಮ ಒಂದು ಹೇಳಿದರೆ ಮೇಸ್ತ್ರಿ ಏನು ಮಾಡಬೇಕು.

ಓಡಿಸಿ ನೋಡುವುದು

ಮೊದಲು ಖಾಲಿ ಓಡಿಸಿ, ಮೋಟಾರ್ ತಿರುಗುವ ದಿಕ್ಕು, ಶಬ್ದ, ಬಿಸಿ ನೋಡಿ. ತುರ್ತು ನಿಲುಗಡೆ ಗುಂಡಿ ಒಂದೊಂದನ್ನೂ ಒತ್ತಿ. ಆಮೇಲೆ ನೀರಲ್ಲಿ ಓಡಿಸಿ, ಸೋರಿಕೆ ನೋಡಿ. ಫ್ರೈಯರನ್ನು ನೀರಲ್ಲಿ ತೊಳೆದು ಪರೀಕ್ಷಿಸಿದ್ದರೆ ಎಣ್ಣೆ ತುಂಬುವ ಮೊದಲು ಒಂದು ಹನಿಯೂ ಉಳಿಯದಂತೆ ಪೂರ್ತಿ ಒಣಗಿಸಲೇಬೇಕು, ಬಿಸಿ ಎಣ್ಣೆಗೆ ನೀರು ಸೇರಿದರೆ ಉಕ್ಕಿ ಜೀವ ತೆಗೆಯುತ್ತದೆ. ಎಣ್ಣೆಯ ಬೆಂಕಿಗೆ ನೀರು ಹಾಕಬಾರದು, ಅಡುಗೆ ಎಣ್ಣೆಗೆಂದೇ ಬರುವ ವೆಟ್ ಕೆಮಿಕಲ್ ನಂದಕ ಕೈಗೆ ಸಿಗುವಲ್ಲಿ ಇರಲಿ, ಅದನ್ನು ಹೇಗೆ ಬಳಸುವುದು ಎಂದು ಪ್ರತಿಯೊಬ್ಬ ಕೆಲಸಗಾರನಿಗೂ ತೋರಿಸಿ. ಕೊನೆಗೆ ಗೆಡ್ಡೆ ಹಾಕಿ ಓಡಿಸಿ. ಕಾಲುಭಾಗ, ಅರ್ಧ, ಪೂರ್ತಿ ಹೀಗೆ ಏರಿಸಿ. ಉಳಿದ ಸಣ್ಣಪುಟ್ಟ ಕೆಲಸದ ಬಾಕಿ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಹೆಸರು, ದಿನಾಂಕ ಬರೆಯಿರಿ.

ನಡೆಯುತ್ತಿರುವ ಘಟಕವನ್ನು ದೊಡ್ಡದು ಮಾಡುವಾಗ

ಹೊಸದು ಕಟ್ಟುವುದಕ್ಕಿಂತ ಇದು ಕಷ್ಟ, ಪಕ್ಕದಲ್ಲಿ ಆಹಾರ ತಯಾರಾಗುತ್ತಿರುತ್ತದಲ್ಲ. ಮೆಣಸು ಶುಚಿ ಮಾಡುವ ಘಟಕವನ್ನೇ ನೋಡಿ. ಜನವರಿಯಿಂದ ಏಪ್ರಿಲ್‌ವರೆಗೆ ಮಾಲು ಬರುತ್ತದೆ, ಆಗ ಯಾವುದನ್ನೂ ಮುಟ್ಟುವ ಹಾಗಿಲ್ಲ. ಚಾವಣಿ ಎತ್ತರಿಸುವುದು, ಗೋಡೆ ಒಡೆಯುವುದು ಏನಿದ್ದರೂ ಮೇ ತಿಂಗಳಲ್ಲಿ. ಮಳೆ ಹಿಡಿದ ಮೇಲೆ ಒಳಗಿನ ಕೆಲಸ, ಅಂದರೆ ಕಲ್ಲು ತೆಗೆಯುವ ಡಿಸ್ಟೋನರ್, ಹಗುರ ಕಾಳು ಬೇರೆ ಮಾಡುವ ಗ್ರಾವಿಟಿ ಸೆಪರೇಟರ್, ಬಣ್ಣ ನೋಡಿ ಆರಿಸುವ ಕಲರ್ ಸಾರ್ಟರ್ ಕೂರಿಸುವುದು, ವೈರಿಂಗ್. ಅಕ್ಟೋಬರ್‌ನಲ್ಲಿ ಹಳೆಯ ದಾಸ್ತಾನು ಹಾಕಿ ಓಡಿಸಿ ನೋಡುವುದು.

ಹೊಸ ಲೈನಿಗೆ ಹಳೆಯ ಕರೆಂಟು, ಹಬೆ, ಕಂಪ್ರೆಸರ್ ಸಾಕಾಗುತ್ತದಾ ಎಂದು ಅಳೆದು ನೋಡಿ, ಅಂದಾಜು ಬೇಡ. ಹಳೆಯದಕ್ಕೆ ಹೊಸದನ್ನು ಸೇರಿಸುವ ಪ್ರತಿ ಜಾಗವನ್ನೂ, ಅದು ಪೈಪೋ ಕೇಬಲ್ಲೋ ಚರಂಡಿಯೋ, ಪಟ್ಟಿ ಮಾಡಿ, ಅವಕ್ಕೆ ಮಾತ್ರ ಘಟಕ ನಿಲ್ಲಿಸುವ ದಿನ ಗೊತ್ತುಮಾಡಿ. ಉಳಿದದ್ದೆಲ್ಲ ಪಕ್ಕದಲ್ಲಿ ನಡೆಯಲಿ. ಕೆಲಸ ನಡೆಯುವ ಭಾಗಕ್ಕೆ ನೆಲದಿಂದ ಚಾವಣಿವರೆಗೆ ದಪ್ಪ ಪ್ಲಾಸ್ಟಿಕ್ ಪರದೆ ಹಾಕಿ, ವೆಲ್ಡರುಗಳಿಗೆ ಬೇರೆ ಬಾಗಿಲು ಕೊಡಿ. ಬೋಲ್ಟು, ಡ್ರಿಲ್ ಬಿಟ್ಟು, ವೆಲ್ಡಿಂಗ್ ರಾಡಿನ ತುಂಡು ಸಂಜೆ ಎಣಿಸಿ ವಾಪಸ್ ಪಡೆಯಿರಿ. ಒಂದು ತುಂಡು ಮೆಣಸಿನ ಚೀಲದೊಳಗೆ ಸೇರಿಕೊಂಡರೆ ಅದು ಯಾರ ಮನೆಯ ಮಿಕ್ಸಿಗೆ ಹೋಗುತ್ತದೆ ಎಂದು ಹೇಳಲಾಗದು.

ಉತ್ಪಾದನೆ ಹೆಚ್ಚಾದರೆ, ಹೊಸ ಪದಾರ್ಥ ಸೇರಿದರೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸನ್ನೂ ಮಾಲಿನ್ಯ ಮಂಡಳಿಯ ಸಮ್ಮತಿಯನ್ನೂ ಬದಲಾಯಿಸಿಕೊಳ್ಳಬೇಕು. ಅದನ್ನು ಯಂತ್ರದ ಆರ್ಡರ್ ಹೋದ ವಾರವೇ ಶುರು ಮಾಡಿ. ಪೈಪು, ಕೇಬಲ್ ಎಲ್ಲೆಲ್ಲಿ ಹೋಗಿದೆ ಎಂದು ಗೋಡೆ ಮುಚ್ಚುವ ಮೊದಲು ಫೋಟೋ ತೆಗೆದು ಡ್ರಾಯಿಂಗಿನಲ್ಲಿ ತಿದ್ದಿ ಇಡಿ, ಮುಂದಿನ ಸಲ ಗೋಡೆ ಕೊರೆಯುವವನಿಗೆ ಅದು ಬೇಕು. ಲೈನ್ ಶುರುವಾದ ಮೇಲೆ ಮೊದಲ ಕೆಲವು ಬ್ಯಾಚುಗಳನ್ನು ಮ್ಯಾಗ್ನೆಟ್, ಮೆಟಲ್ ಡಿಟೆಕ್ಟರ್ ದಾಟಿಸಿ, ಬೇರೆ ಇಟ್ಟು, ಲ್ಯಾಬ್ ವರದಿ ಕೈಗೆ ಬಂದ ಮೇಲೆಯೇ ಲಾರಿಗೆ ಹತ್ತಿಸಿ.